ಹರಾರ್ ಕೋಟೆಯಿಂದ ಕೊನ್ಸೊ ಬೆಟ್ಟದವರೆಗೆ: ಇಥಿಯೋಪಿಯಾದ ಜನರ ನಡುವೆ

ಇಥಿಯೋಪಿಯಾಕ್ಕೆ ಹೋಗುವವರು ಮೊದಲು ನೆನೆಯುವುದು ಲಾಲಿಬೆಲಾದಲ್ಲಿ ಬಂಡೆ ಕೊರೆದು ಮಾಡಿದ ಚರ್ಚುಗಳನ್ನು, ಗೊಂಡರಿನ ಅರಮನೆಗಳನ್ನು. ಆ ಊರುಗಳಿರುವ ಅಮ್ಹಾರಾ ಪ್ರದೇಶದಲ್ಲಿ 2023ರಿಂದ ಸರ್ಕಾರಿ ಸೇನೆಗೂ ಫಾನೊ ಎಂಬ ಅಮ್ಹಾರಾ ಬಂಡುಕೋರ ಪಡೆಗಳಿಗೂ ಕಾಳಗ ನಡೆದಿರುವುದರಿಂದ ನಾನು ಮತ್ತು ನನ್ನ ತಂಗಿ ಉತ್ತರದ ಆಸೆ ಬಿಟ್ಟು ಪೂರ್ವಕ್ಕೂ ದಕ್ಷಿಣಕ್ಕೂ ಹೊರಟೆವು. ಎಂಬತ್ತಕ್ಕೂ ಹೆಚ್ಚು ಜನಾಂಗಗಳು ಬದುಕುವ ದೇಶವಿದು. 2007ರ ಜನಗಣತಿಯಂತೆ ಜನರಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಆರ್ಥೊಡಾಕ್ಸ್ ಕ್ರೈಸ್ತರು, ಸುಮಾರು ಶೇ. 34ರಷ್ಟು ಮುಸ್ಲಿಮರು, ಶೇ. 18ಕ್ಕೂ ಹೆಚ್ಚು ಪ್ರಾಟೆಸ್ಟೆಂಟರು. ಉಳಿದವರಲ್ಲಿ ಹಿರಿಯರ ಕಾಲದ ನಂಬಿಕೆಗಳನ್ನೇ ಉಳಿಸಿಕೊಂಡವರೂ ಇದ್ದಾರೆ. ಹೊರಡುವ ಮುನ್ನ ಈ ಅಂಕಿಗಳನ್ನು ಓದಿಕೊಂಡು, ಇಂತಹ ಜನಾಂಗಕ್ಕೆ ಇಂತಹ ಧರ್ಮ, ಇಂತಹ ಭಾಷೆ ಎಂದು ಮನಸ್ಸಿನಲ್ಲಿ ಒಂದು ನಕ್ಷೆ ಬರೆದುಕೊಳ್ಳುವುದು ಸುಲಭ. ಅಲ್ಲಿಗೆ ಹೋಗಿ ಜನರೊಡನೆ ಕುಳಿತಾಗ ಕಂಡದ್ದೇನೆಂದರೆ, ಜನಾಂಗದ ಗೆರೆ, ಧರ್ಮದ ಗೆರೆ, ಭಾಷೆಯ ಗೆರೆ ಇವು ಅಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವುದೇ ಇಲ್ಲ.

ಬುಧವಾರ, ಅಡಿಸ್ ಅಬಾಬಾ

ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿರುವ ಊರಾದ್ದರಿಂದ ಅಕ್ಟೋಬರಿನ ಬೆಳಗು ಚಳಿಯಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಮೊದಲ ದಿನ ಹೆಚ್ಚು ಓಡಾಡದೆ ಊಟಕ್ಕೆಂದು ಹೋಟೆಲಿನ ಹಿಂದಿನ ಬೀದಿಗೆ ಹೋದೆವು. ಬುಧವಾರ ಬಂದಿಳಿದದ್ದು ಸಸ್ಯಾಹಾರಿಗಳಾದ ನಮಗೆ ಅದೃಷ್ಟವೇ ಆಯಿತು. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ದೊಡ್ಡ ಉಪವಾಸಗಳನ್ನೂ ಸೇರಿಸಿದರೆ ಸಾಮಾನ್ಯ ಭಕ್ತರಿಗೂ ವರ್ಷದಲ್ಲಿ ಸುಮಾರು 180 ದಿನ ಈ ನೇಮ. ಆದ್ದರಿಂದ ಆ ಎರಡು ದಿನಗಳಂದು ಯಾವ ಸಣ್ಣ ಖಾನಾವಳಿಗೆ ಹೋಗಿ ‘ಯೆತ್ಸೊಮ್ ಬೆಯಾಯ್ನೆಟು’ ಎಂದರೂ ಸಾಕು, ಇಂಜೆರಾ ಎಂಬ ಅಗಲವಾದ ಹುಳಿ ದೋಸೆಯ ಮೇಲೆ ಮಸೂರ ಬೇಳೆ, ಬಟಾಣಿ ಬೇಳೆ, ಕಡಲೆಹಿಟ್ಟಿನ ಶಿರೊ, ಬೇಯಿಸಿದ ಸೊಪ್ಪು, ಬೀಟ್‌ರೂಟ್ ಎಲ್ಲವನ್ನೂ ಸುತ್ತ ಬಡಿಸಿ ತರುತ್ತಾರೆ. ಬೇರೆ ದಿನಗಳಲ್ಲಿ ಕೇಳಿ, ವಿವರಿಸಿ, ಕಾಯಬೇಕಾಗುತ್ತದೆ.

ಅದೇ ಬೀದಿಯಲ್ಲಿ ಎರಡು ಮಾಂಸದ ಅಂಗಡಿಗಳಿದ್ದವು. ಒಂದರ ಬಾಗಿಲ ಮೇಲೆ ಶಿಲುಬೆ, ಇನ್ನೊಂದರ ಮೇಲೆ ಅರ್ಧಚಂದ್ರ. ಖಾನಾವಳಿಯ ಒಡತಿ ಆರ್ಥೊಡಾಕ್ಸ್ ಕ್ರೈಸ್ತಳು. ನಾವು ಆ ಗುರುತುಗಳ ಬಗ್ಗೆ ಕೇಳಿದಾಗ ಆಕೆ, ಕ್ರೈಸ್ತರು ಕೊಯ್ದ ಮಾಂಸವನ್ನು ಮುಸ್ಲಿಮರು ತಿನ್ನುವುದಿಲ್ಲ, ಮುಸ್ಲಿಮರು ಕೊಯ್ದದ್ದನ್ನು ಕ್ರೈಸ್ತರು ತಿನ್ನುವುದಿಲ್ಲ ಎಂದು ಸಹಜವಾಗಿ ಹೇಳಿದಳು. ಹಾಗೆಂದು ನೆಂಟಸ್ತಿಕೆ ನಿಲ್ಲುವುದಿಲ್ಲ: ತನ್ನ ಮಗಳ ಮದುವೆಯಲ್ಲಿ ಮುಸ್ಲಿಂ ನೆರೆಯವರಿಗಾಗಿ ಅವರದೇ ಜನರನ್ನು ಕರೆಸಿ ಬೇರೆ ಅಡುಗೆಮನೆ ಹೂಡಿಸಿದ್ದಾಗಿ ಹೇಳಿದಳು. ಕಾಫಿಗೆ ಮಾತ್ರ ಯಾವ ಭೇದವೂ ಇಲ್ಲವಂತೆ. ಹಸಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಮಣ್ಣಿನ ಜೆಬೆನಾದಲ್ಲಿ ಕುದಿಸಿ ಮೂರು ಸುತ್ತು ಕೊಟ್ಟಳು. ಆಕೆ ಹೇಳದ ಒಂದು ಸಂಗತಿ ಇಲ್ಲಿ ನೆನಪಿಡತಕ್ಕದ್ದು: 19ನೆಯ ಶತಮಾನದ ಕೊನೆಯ ಭಾಗದವರೆಗೂ ಆರ್ಥೊಡಾಕ್ಸ್ ಚರ್ಚು ಕಾಫಿಯನ್ನು ಮುಸ್ಲಿಮರ ಪಾನೀಯವೆಂದು ದೂರವಿಟ್ಟಿತ್ತು. ಇಂದು ಅದಿಲ್ಲದೆ ಕ್ರೈಸ್ತರ ಮನೆಯ ಸಂಜೆ ಮುಗಿಯುವುದಿಲ್ಲ.

ಗುರುವಾರ, ಬಿಶೊಫ್ತು

ರಾಜಧಾನಿಯಿಂದ ಒಂದು ಗಂಟೆಯ ಹಾದಿ. ಹೊರಾ ಅರ್ಸಡಿ ಸರೋವರದ ದಡದಲ್ಲಿ ಒರೊಮೊ ಜನರ ಇರೀಚಾ ಹಬ್ಬ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ. ಮರದ ಬುಡದಲ್ಲಿ ಒಣಗಿದ ಹುಲ್ಲಿನ ಕಂತೆಗಳು, ಬಾಡಿದ ಹಳದಿ ಹೂವುಗಳು ಇನ್ನೂ ಬಿದ್ದಿದ್ದವು. ಮಳೆಗಾಲ ಮುಗಿದಾಗ ನೀರಿನ ಅಂಚಿಗೆ ಬಂದು ಹಸಿ ಹುಲ್ಲನ್ನು ನೀರಿನಲ್ಲಿ ಅದ್ದಿ ವಾಕನಿಗೆ, ಎಂದರೆ ಆಕಾಶದ ದೇವರಿಗೆ, ಕೃತಜ್ಞತೆ ಸಲ್ಲಿಸುವ ಈ ಹಬ್ಬಕ್ಕೆ ವಾಕೆಫನ್ನಾ ಎಂಬ ಮೂಲ ನಂಬಿಕೆಯವರು ಮಾತ್ರವಲ್ಲ, ಮುಸ್ಲಿಂ ಒರೊಮೊಗಳೂ ಕ್ರೈಸ್ತ ಒರೊಮೊಗಳೂ ಲಕ್ಷಗಟ್ಟಲೆ ಬರುತ್ತಾರೆ. ದೇಶದ ಅತಿ ದೊಡ್ಡ ಜನಾಂಗವಾದ ಒರೊಮೊಗಳನ್ನು ಒಂದು ಧರ್ಮದ ಹೆಸರಿನಿಂದ ಗುರುತಿಸಲು ಸಾಧ್ಯವೇ ಇಲ್ಲ. 2016ರ ಅಕ್ಟೋಬರಿನಲ್ಲಿ ಇದೇ ಜಾಗದಲ್ಲಿ ಹಬ್ಬದ ದಿನ ಪ್ರತಿಭಟನೆ ಎದ್ದು, ಪೊಲೀಸರು ಅಶ್ರುವಾಯು ಹಾರಿಸಿದಾಗ ಆದ ನೂಕುನುಗ್ಗಲಿನಲ್ಲಿ ಬಹಳ ಜನ ಸತ್ತರು. ದಡದ ಕಡಿದಾದ ಇಳಿಜಾರನ್ನು ನೋಡಿದರೆ ಆ ದಿನ ಏನಾಗಿರಬಹುದೆಂದು ಊಹಿಸಿ ಎದೆ ಭಾರವಾಗುತ್ತದೆ.

ನಮ್ಮನ್ನು ಕರೆದೊಯ್ದ ಚಾಲಕನು ವೊಲ್ಲೊ ಸೀಮೆಯವನು. ಒಂದೇ ಮನೆತನದಲ್ಲಿ ಕ್ರೈಸ್ತರೂ ಮುಸ್ಲಿಮರೂ ಇರುವುದಕ್ಕೆ ಹೆಸರಾದ ಸೀಮೆಯದು. ಅವನ ತಂದೆ ಮುಸ್ಲಿಂ ಒರೊಮೊ, ತಾಯಿ ಅಮ್ಹಾರಾ ಕ್ರೈಸ್ತಳು; ಅವನು ಚರ್ಚಿಗೆ ಹೋಗುತ್ತಾನೆ, ಅವನ ತಮ್ಮ ಮಸೀದಿಗೆ. ಕೆಬೆಲೆ ಎಂದರೆ ಬಡಾವಣೆಯ ಕಚೇರಿ ಕೊಡುವ ಗುರುತಿನ ಚೀಟಿಯಲ್ಲಿ ಜನಾಂಗ ಯಾವುದೆಂದು ಬರೆಸುವ ಕಾಲಂ ಇತ್ತು, ಅದರಲ್ಲಿ ಒಂದೇ ಹೆಸರಿಗೆ ಜಾಗ. ತಂದೆಯ ಕಡೆಯದನ್ನು ಬರೆದುಕೊಂಡರು, ಮನೆಯಲ್ಲಿ ಅವನಾಡುವುದು ತಾಯಿಯ ಅಮ್ಹಾರಿಕ್. ಗಲಭೆಯ ದಿನಗಳಲ್ಲಿ ರಸ್ತೆ ತಡೆಯಲ್ಲಿ ಆ ಚೀಟಿ ತೋರಿಸಲು ಕೈ ನಡುಗುತ್ತಿತ್ತು ಎಂದನು. 1995ರ ಸಂವಿಧಾನವು ಭಾಷೆ ಮತ್ತು ಜನಾಂಗದ ಆಧಾರದಲ್ಲಿ ಪ್ರದೇಶಗಳನ್ನು ರಚಿಸಿ, ಬಹುಕಾಲ ಒಂದೇ ಭಾಷೆಯ ಆಳ್ವಿಕೆಯಡಿ ಅಡಗಿದ್ದ ಜನರಿಗೆ ತಮ್ಮ ಮಾತಿನಲ್ಲಿ ಶಾಲೆ, ಕಚೇರಿಗಳನ್ನು ಕೊಟ್ಟಿತು. ಅದು ನಿಜವಾದ ನ್ಯಾಯವೆಂದೇ ನಾನು ನಂಬುತ್ತೇನೆ. ಆದರೆ ಎರಡು ಜನಾಂಗಗಳ ಮಗುವಿಗೆ ಆ ನ್ಯಾಯದಲ್ಲಿ ಜಾಗ ಸಿಗಲಿಲ್ಲ. ಈಚೆಗೆ ಬಂದಿರುವ ‘ಫಾಯ್ದಾ’ ಎಂಬ ರಾಷ್ಟ್ರೀಯ ಡಿಜಿಟಲ್ ಗುರುತಿನಲ್ಲಿ ಜನಾಂಗದ ಕಾಲಂ ಇಲ್ಲವೆಂದು ಅವನು ನೆಮ್ಮದಿಯಿಂದ ಹೇಳಿದನು. ಆ ವ್ಯವಸ್ಥೆ ನಿಂತಿರುವುದು ಬೆಂಗಳೂರಿನ ಐಐಐಟಿಯಲ್ಲಿ ರೂಪುಗೊಂಡ ‘ಮೊಸಿಪ್’ ತಂತ್ರಾಂಶದ ಮೇಲೆ. ನಾವು ಬೆಂಗಳೂರಿನವರೆಂದಾಗ ಅವನಿಗೆ ಆ ಊರಿನ ಹೆಸರು ಗೊತ್ತಿದ್ದುದು ಆಸ್ಪತ್ರೆಗಳಿಂದ ಮಾತ್ರ.

ಶುಕ್ರವಾರ, ಮೆರ್ಕಾಟೊ

ಇಟಲಿಯ ಆಕ್ರಮಣದ ವರ್ಷಗಳಲ್ಲಿ, ಅಂದರೆ 1936ರಿಂದ 1941ರ ನಡುವೆ, ಈಗಿನ ರೂಪಕ್ಕೆ ಬಂದ ಈ ಪೇಟೆಯಲ್ಲಿ ಅನ್ವರ್ ಮಸೀದಿಯೂ ರಗುಏಲ್ ಚರ್ಚೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಶುಕ್ರವಾರದ ನಮಾಜಿಗೆ ಜನ ಮಸೀದಿ ತುಂಬಿ ಬೀದಿಗೆ ಹರಿದಿದ್ದರು. ಅದೇ ಹೊತ್ತಿಗೆ ಬಿಳಿ ಹತ್ತಿಯ ನೆಟೆಲಾ ಹೊದ್ದ ಹೆಂಗಸರು ಉಪವಾಸದ ಪ್ರಾರ್ಥನೆಗೆ ಚರ್ಚಿನ ಗೋಡೆಗೆ ಹಣೆಯೊತ್ತಿ ನಿಂತಿದ್ದರು. ಮಧ್ಯಾಹ್ನದ ಆ ಗಂಟೆಯಲ್ಲಿ ಅಂಗಡಿಗಳ ನಡುವೆ ನುಸುಳುವುದಕ್ಕಿಂತ ಕಾಫಿ ಅಂಗಡಿಯ ಮಣೆಯ ಮೇಲೆ ಕಾಯುವುದೇ ಮೇಲು.

ನಾವು ಹಾಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಮಸಾಲೆ ವ್ಯಾಪಾರಿ ಗುರಾಗೆ ಜನಾಂಗದವನು. ಮೆರ್ಕಾಟೊದ ವ್ಯಾಪಾರದಲ್ಲಿ ಗುರಾಗೆಗಳ ಹೆಸರು ದೊಡ್ಡದು, ಅವರಲ್ಲಿ ಆರ್ಥೊಡಾಕ್ಸರೂ ಮುಸ್ಲಿಮರೂ ಕ್ಯಾಥೊಲಿಕರೂ ಇದ್ದಾರೆ. ಅವನ ಎದುರಿನ ಅಂಗಡಿಯವನು ಸಿಲ್ಟೆ. ಮೊದಲು ಸಿಲ್ಟೆಗಳನ್ನೂ ಗುರಾಗೆಗಳಲ್ಲೇ ಎಣಿಸುತ್ತಿದ್ದರು. ತಾವು ಬೇರೆಯೇ ಜನ ಎಂದು ಅವರು ಕೇಳಿದ್ದರಿಂದ 2001ರಲ್ಲಿ ಜನಮತ ನಡೆದು, ಬಹುಮತದಿಂದ ಸಿಲ್ಟೆ ಪ್ರತ್ಯೇಕ ಜನಾಂಗವಾಯಿತು. ತಾನು ಯಾರೆಂಬುದನ್ನು ಒಂದು ಜನ ಮತಪೆಟ್ಟಿಗೆಯ ಮೂಲಕ ತೀರ್ಮಾನಿಸಿದ ಇಂತಹ ಉದಾಹರಣೆ ಜಗತ್ತಿನಲ್ಲಿ ಹೆಚ್ಚಿಲ್ಲ. ಆಫ್ರಿಕಾದ ‘ಬುಡಕಟ್ಟುಗಳು’ ಆದಿಯಿಂದ ಹಾಗೇ ಇದ್ದವು ಎಂದು ನಾವು ಓದಿಕೊಂಡು ಬಂದಿರುವ ಪಾಠ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ. ಎರಡೂ ಅಂಗಡಿಯವರು ಚಿಲ್ಲರೆಯನ್ನು ಒಬ್ಬರಿಂದೊಬ್ಬರು ಇಸಿದುಕೊಳ್ಳುತ್ತಲೇ ಇದ್ದರು.

ಶನಿವಾರ, ದಿರೆ ದಾವಾ ಮತ್ತು ಹರಾರ್

ವಿಮಾನ ತಡವಾಗಿ ಇಳಿಯುವಷ್ಟರಲ್ಲಿ ದಿರೆ ದಾವಾದ ಬಿಸಿಲು ನೆತ್ತಿಗೇರಿತ್ತು. ಜಿಬೂತಿಯಿಂದ ಬಂದ ರೈಲುಹಾದಿ ಇಲ್ಲಿಗೆ ತಲುಪಿದ 1902ರಲ್ಲಿ ಹುಟ್ಟಿದ ಊರಿದು. ಒಣಗಿದ ದೆಚಾತು ಹೊಳೆಯ ಒಂದು ದಡದಲ್ಲಿ ಫ್ರೆಂಚರು ಸಾಲುಮರ ನೆಟ್ಟು ಕಟ್ಟಿಸಿದ ಕೆಜೀರಾ, ಇನ್ನೊಂದು ದಡದಲ್ಲಿ ಹಳೆಯ ಮೆಗಾಲಾ. ನಮ್ಮಲ್ಲಿಂದಲೇ ಹೋದ ಬಜಾಜ್ ಆಟೊಗಳು ಊರೆಲ್ಲ ತುಂಬಿವೆ, ಜನ ಅವುಗಳನ್ನು ಬಜಾಜ್ ಎಂದೇ ಕರೆಯುತ್ತಾರೆ. ನಮ್ಮ ಆಟೊದ ಹುಡುಗನು ಒಬ್ಬನೊಡನೆ ಸೊಮಾಲಿ, ಇನ್ನೊಬ್ಬನೊಡನೆ ಒರೊಮೊ, ಪೊಲೀಸಿನವನೊಡನೆ ಅಮ್ಹಾರಿಕ್ ಆಡಿದನು. ಫಲಕಗಳಲ್ಲಿ ಅಮ್ಹಾರಿಕ್ ತನ್ನ ಗೀಜ್ ಲಿಪಿಯಲ್ಲಿ, ಒರೊಮೊ ಮತ್ತು ಸೊಮಾಲಿ ಲ್ಯಾಟಿನ್ ಅಕ್ಷರಗಳಲ್ಲಿ.

ಹರಾರಿಗೆ ಸುಮಾರು 50 ಕಿಲೋಮೀಟರ್. ರಸ್ತೆ ಗುಡ್ಡ ಹತ್ತಿದಂತೆ ಗಾಳಿ ತಂಪಾಗಿ, ಮೆಟ್ಟಿಲು ಹೊಲಗಳಲ್ಲಿ ಜೋಳವೂ, ಎಲೆ ಅಗಿದರೆ ಅಮಲೇರುವ ಖಾತ್ ಗಿಡಗಳೂ ಕಾಣತೊಡಗಿದವು. ಅವದಾಯ್ ಎಂಬ ಊರಿನ ಖಾತ್ ಸಂತೆ ರಸ್ತೆಗೇ ಚಾಚಿಕೊಂಡಿತ್ತು. ಎಳೆಯ ಎಲೆಯ ಕಟ್ಟುಗಳನ್ನು ಬಾಳೆ ಎಲೆಯಲ್ಲಿ ಸುತ್ತಿ ಲಾರಿಗೆ ತುಂಬುತ್ತಿದ್ದರು, ಬಾಡುವ ಮೊದಲೇ ಅವು ಸೊಮಾಲಿಲ್ಯಾಂಡ್ ಮುಟ್ಟಬೇಕು. ಆ ಲಾರಿಗಳ ವೇಗಕ್ಕೆ ಹೆದರಿ ನಮ್ಮ ಮಿನಿಬಸ್ ಎರಡು ಬಾರಿ ಮಣ್ಣಿನ ಅಂಚಿಗಿಳಿಯಿತು, ಎರಡನೆಯ ಸಲ ಹಿಂದಿನ ಚಕ್ರ ಪಂಕ್ಚರ್ ಆಯಿತು. ಚಕ್ರ ಬದಲಿಸುವ ತನಕ ಹೊಲದ ಬದುವಿನಲ್ಲಿದ್ದ ಒರೊಮೊ ರೈತ ಹೆಂಗಸು ನಮಗೆ ಸುಟ್ಟ ಜೋಳದ ತೆನೆ ಕೊಟ್ಟು ಹಣ ಬೇಡವೆಂದಳು.

ಭಾನುವಾರ, ಕೋಟೆಯ ಒಳಗೆ

ಹರಾರಿನ ಹಳೆಯ ಊರು ಜುಗೊಲ್ ಎಂಬ ಗೋಡೆಯ ಒಳಗಿದೆ. 16ನೆಯ ಶತಮಾನದಲ್ಲಿ ಎಮೀರ್ ನೂರ್ ಇಬ್ನ್ ಮುಜಾಹಿದ್ ಇದನ್ನು ಕಟ್ಟಿಸಿದನು. ಒಳಗೆ 82 ಮಸೀದಿಗಳು, 102 ದರ್ಗಾಗಳು ಇವೆಯೆಂದು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಯುನೆಸ್ಕೊ ದಾಖಲಿಸಿತು. ಆದರೆ ಭಾನುವಾರ ನಸುಕಿನಲ್ಲಿ ನಮ್ಮನ್ನು ಎಬ್ಬಿಸಿದ್ದು ಬಾಂಗ್ ಒಂದೇ ಅಲ್ಲ. ಅದು ನಿಲ್ಲುವ ಹೊತ್ತಿಗೆ ಮೆಧಾನೆ ಆಲೆಮ್ ಚರ್ಚಿನ ಧ್ವನಿವರ್ಧಕದಲ್ಲಿ ಗೀಜ್ ಎಂಬ ಪ್ರಾಚೀನ ಭಾಷೆಯ ಪಠಣ ಶುರುವಾಯಿತು. 1887ರಲ್ಲಿ ಚೆಲೆಂಕೊ ಕಾಳಗದಲ್ಲಿ ಗೆದ್ದು ಊರನ್ನು ವಶಪಡಿಸಿಕೊಂಡ, ಮುಂದೆ ಇಥಿಯೋಪಿಯಾದ ಚಕ್ರವರ್ತಿಯಾದ ಮೆನೆಲಿಕ್‌ನ ಆಳ್ವಿಕೆ ಕೋಟೆಯ ನಡುವಿನ ಚೌಕದಲ್ಲಿ ಎಬ್ಬಿಸಿದ ಚರ್ಚು ಅದು. ಊರಿನ ಮೂಲ ಜನರಾದ ಹರಾರಿಗಳ ಮನೆಯ ಒಳಗಿನ ಕುಳಿತುಕೊಳ್ಳುವ ಜಗಲಿಗಳಿಗೆ ಕೆಮ್ಮಣ್ಣಿನ ಬಣ್ಣ ಬಳಿಯುವುದು ಚೆಲೆಂಕೊದಲ್ಲಿ ಚೆಲ್ಲಿದ ರಕ್ತದ ನೆನಪಿಗೆ ಎಂದು ನಮ್ಮ ಆತಿಥೇಯಳು ಹೇಳಿದಳು. ಗೆದ್ದವರ ಚರ್ಚಿನ ಪಠಣ ಸೋತವರ ಜಗಲಿಗೆ ಪ್ರತಿ ಭಾನುವಾರ ಕೇಳಿಸುತ್ತದೆ, ಆದರೂ ಆಕೆಯ ಮಾತಿನಲ್ಲಿ ಕಹಿಯಿರಲಿಲ್ಲ. ಚರ್ಚಿನ ಹಿಂದಿನ ಮನೆಯ ಕ್ರೈಸ್ತ ಹೆಂಗಸು ಹೆರಿಗೆಯಲ್ಲಿದ್ದಾಗ ತಾನು ಗಂಜಿ ಕಾಯಿಸಿ ಒಯ್ದದ್ದನ್ನು ಹೇಳಿದಳು.

ನಾವಿದ್ದದ್ದು ಅವಳ ಅಜ್ಜಿಯ ಕಾಲದ ಮನೆ. ಗೋಡೆಯ ತುಂಬ ಹುಲ್ಲಿನ ಬುಟ್ಟಿಗಳು, ಮೆಟ್ಟಿಲಿನಂತೆ ಏರುವ ಜಗಲಿಗಳು, ಹಿರಿಯರಿಗೊಂದು, ಮನೆಯೊಡೆಯನಿಗೊಂದು, ಹೆಂಗಸರಿಗೊಂದು. ಇಂತಹ ಹಳೆಯ ಮನೆಗಳಲ್ಲಿ ಕೊಠಡಿ ಕೇಳಿ ಪಡೆಯಬಹುದು, ಸಂಜೆಗೆ ಮೊದಲು ತಲುಪಿದರೆ ಓಣಿಗಳಲ್ಲಿ ದಾರಿ ತಪ್ಪುವುದಿಲ್ಲ. ಬೆಳಗಿನ ತಿಂಡಿಗೆ ಕಾಫಿ ಸಿಪ್ಪೆಯನ್ನು ಹಾಲಿನಲ್ಲಿ ಕುದಿಸಿದ ಹೊಜಾ ಕೊಟ್ಟಳು. ಅವಳ ತಮ್ಮಂದಿರು ಟೊರೊಂಟೊದಲ್ಲಿದ್ದಾರೆ. ಆ ನಗರದಲ್ಲಿ ಹರಾರಿಗಳ ದೊಡ್ಡ ನೆಲೆಯೇ ಇದೆ. ಇಲ್ಲಿ, ತಮ್ಮದೇ ಹೆಸರಿನ ಪ್ರದೇಶದಲ್ಲಿ, 2007ರ ಗಣತಿಯಂತೆ ಹರಾರಿಗಳು ಶೇ. 9ಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಜನ ಒರೊಮೊಗಳು. ಆದ್ದರಿಂದ ಅಧಿಕಾರವನ್ನು ಎರಡೂ ಜನ ಹಂಚಿಕೊಳ್ಳುವ ಏರ್ಪಾಡು ಇದೆ.

ಗೋಡೆಯ ಕತೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ನೂರ್ ಇದನ್ನು ಕಟ್ಟಿಸಿದ್ದು ದಕ್ಷಿಣದಿಂದ ಏರಿಬರುತ್ತಿದ್ದ ಒರೊಮೊಗಳನ್ನು ತಡೆಯಲು. ಇಂದು ಬಾಗಿಲುಗಳ ಹೊರಗೆ ಸೌದೆ, ತರಕಾರಿ, ಖಾತ್ ಮಾರುವವರು ಒರೊಮೊ ಹೆಂಗಸರೇ. ಅವರೂ ಮುಸ್ಲಿಮರು, ಒಳಗಿನ ಹರಾರಿಗಳೂ ಮುಸ್ಲಿಮರು. ಆದರೆ ಹರಾರಿ ಭಾಷೆ ಅಮ್ಹಾರಿಕ್‌ನ ಹಾಗೆ ಸೆಮಿಟಿಕ್ ಭಾಷಾಕುಟುಂಬದ್ದು, ಒರೊಮೊ ಕುಶಿಟಿಕ್ ಕುಟುಂಬದ್ದು. ಹಾಗೆ ನೋಡಿದರೆ ಹರಾರಿಯ ಮಾತು ಅದೇ ಧರ್ಮದ ನೆರೆಯವರಿಗಿಂತ ಬೇರೆ ಧರ್ಮದ ಅಮ್ಹಾರಾನ ಮಾತಿಗೇ ಹತ್ತಿರ. ಊರಿನ ಪೋಷಕ ಸಂತ ಅವ್ ಅಬಾದಿರ್‌ನ ದರ್ಗಾದಲ್ಲಿ ಸೊಮಾಲಿ ಮುದುಕರು, ಒರೊಮೊ ರೈತರು, ಹರಾರಿ ಹೆಂಗಸರು ಒಂದೇ ಚಾಪೆಯ ಮೇಲಿದ್ದರು. 2020ರ ಜೂನಿನಲ್ಲಿ ಒರೊಮೊ ಗಾಯಕ ಹಚಾಲು ಹುಂಡೆಸಾ ಕೊಲೆಯಾದಾಗ ಹರಾರ್ ಕೂಡ ಉರಿಯಿತು. ಮೆನೆಲಿಕ್‌ನ ಪರವಾಗಿ ಹರಾರನ್ನು ಆಳಿದ ರಾಸ್ ಮಕೊನ್ನೆನ್‌ನ ಪ್ರತಿಮೆಯನ್ನು ಜನ ಕೆಡವಿದರು. ಯುನೆಸ್ಕೊದ ಶಾಂತಿನಗರ ಪ್ರಶಸ್ತಿ ಪಡೆದ ಊರೆಂಬ ಹೆಮ್ಮೆಯ ಜೊತೆಗೇ ಈ ಮಾತನ್ನೂ ಆತಿಥೇಯಳು ಮುಚ್ಚಿಡದೆ ಹೇಳಿದಳು.

ಈ ಸೀಮೆಗೂ ನಮ್ಮ ನೆಲಕ್ಕೂ ಇರುವ ನಂಟನ್ನು ಕನ್ನಡಿಗರು ಮರೆಯಬಾರದು. ಅಹಮದ್‌ನಗರದ ಆಡಳಿತ ನಡೆಸಿದ, ಮೊಗಲರನ್ನು ದಶಕಗಳ ಕಾಲ ತಡೆದ ಮಲಿಕ್ ಅಂಬರ್ 16ನೆಯ ಶತಮಾನದ ನಡುವಿನಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದವನು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿಯೂ ಇಖ್ಲಾಸ್ ಖಾನ್‌ನಂತಹ ಹಬ್ಶಿಗಳು ಮಂತ್ರಿಪದವಿಗೆ ಏರಿದರು. ಅವರನ್ನು ದಖ್ಖನ್ ಒಂದೇ ಹೆಸರಿನಿಂದ ‘ಹಬ್ಶಿ’ ಎಂದಿತು. ಅವರು ಹೊರಟು ಬಂದ ನೆಲದಲ್ಲಿ ಅವರಿಗೆ ಬೇರೆ ಬೇರೆ ಜನಾಂಗ, ಬೇರೆ ಬೇರೆ ದೇವರುಗಳಿದ್ದವು.

ಮಂಗಳವಾರ, ದೊರ್ಜೆ

ಸೋಮವಾರ ಪೂರ್ತಿ ಪ್ರಯಾಣದಲ್ಲೇ ಕಳೆದು ಅರ್ಬಾ ಮಿಂಚ್ ಸೇರಿದೆವು. ಅಬಾಯಾ ಮತ್ತು ಚಾಮೊ ಸರೋವರಗಳ ಮೇಲಿನ ಆ ಊರಿನಿಂದ ದೊರ್ಜೆಗೆ ಹೋಗುವ ಬೆಟ್ಟದ ರಸ್ತೆ ಕೆಂಪುಮಣ್ಣಿನದು, ದಕ್ಷಿಣದಲ್ಲಿ ಅಕ್ಟೋಬರ್ ಕೂಡ ಮಳೆಯ ತಿಂಗಳು. ಮೂರನೆಯ ತಿರುವಿನಲ್ಲಿ ನಮ್ಮ ಜೀಪು ಕೆಸರಿನಲ್ಲಿ ಹೂತುಹೋಯಿತು. ನೂಲಿನ ಹೊರೆ ಹೊತ್ತು ಇಳಿಯುತ್ತಿದ್ದವರು ಹೊರೆ ಕೆಳಗಿಟ್ಟು, ಬಿದಿರು ಕಡಿದು ಚಕ್ರದಡಿ ಹಾಸಿ, ಹಾಡು ಹೇಳುತ್ತ ದೂಡಿದರು.

ದೊರ್ಜೆಗಳು ಗಾಮೊ ಬೆಟ್ಟಗಳ ನೇಕಾರರು. ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಬಿದಿರಿನಲ್ಲಿ ಹೆಣೆದ ಅವರ ಎತ್ತರದ ಮನೆಗಳ ಬುಡವನ್ನು ಗೆದ್ದಲು ತಿಂದಂತೆ ಮನೆ ಗಿಡ್ಡವಾಗುತ್ತ ಬರುತ್ತದೆ, ಬೇಕಾದರೆ ಇಡೀ ಮನೆಯನ್ನೇ ಎತ್ತಿ ಬೇರೆಡೆ ಇಡುತ್ತಾರೆ. ಬಾಳೆಯಂತೆಯೇ ಕಾಣುವ ಎನ್ಸೆಟ್ ಗಿಡದ ತಿರುಳನ್ನು ನೆಲದಲ್ಲಿ ಹೂತು ಹುಳಿಬರಿಸಿ ತಟ್ಟಿದ ಕೊಚೊ ರೊಟ್ಟಿಯನ್ನು ಖಾರದ ಚಟ್ನಿ, ಜೇನುತುಪ್ಪಗಳೊಡನೆ ಕೊಟ್ಟರು. ಮನೆಯ ಮುದುಕನು ಆರ್ಥೊಡಾಕ್ಸ್. ಚಿರತೆಯೂ ಕ್ರೈಸ್ತ ಪ್ರಾಣಿಯೇ, ಅದೂ ಬುಧವಾರ ಶುಕ್ರವಾರಗಳ ಉಪವಾಸ ಮಾಡುತ್ತದೆ ಎಂದು ಅವರಲ್ಲಿ ನಂಬಿಕೆ. ಹಾಗಾದರೆ ನಾಳೆ ಬುಧವಾರ ಆಡುಗಳನ್ನು ಕಾಯುವುದಿಲ್ಲವೇ ಎಂದು ನನ್ನ ತಂಗಿ ಕೇಳಿದಳು. ಕಾಯದೆ ಇರುತ್ತೇವೆಯೇ ಎಂದನು. ಎರಡೂ ಮಾತನ್ನು ಅವನು ಪೂರ್ಣ ನಂಬಿಕೆಯಿಂದಲೇ ಹೇಳಿದನು.

ಗಾಮೊ ಹಿರಿಯರ ಬಗ್ಗೆ ಒಂದು ಮಾತು ಬರೆಯಲೇಬೇಕು. 2018ರ ಸೆಪ್ಟೆಂಬರಿನಲ್ಲಿ ರಾಜಧಾನಿಯ ಪಕ್ಕದ ಬುರಾಯುವಿನಲ್ಲಿ ಗಾಮೊ ಮತ್ತು ಇತರ ದಕ್ಷಿಣದ ಜನರ ಕೊಲೆಯಾದಾಗ, ಅರ್ಬಾ ಮಿಂಚ್‌ನ ಯುವಕರು ಸೇಡಿಗಾಗಿ ಬೀದಿಗಿಳಿದರು. ಆಗ ಹಿರಿಯರು ಕೈಯಲ್ಲಿ ಹಸಿ ಹುಲ್ಲು ಹಿಡಿದು ಅವರೆದುರು ಮಂಡಿಯೂರಿದರು. ಹುಲ್ಲು ಹಿಡಿದ ಹಿರಿಯರನ್ನು ದಾಟಿ ಹೋಗುವುದು ಗಾಮೊ ನೀತಿಯಲ್ಲಿ ಸಲ್ಲದು. ಯುವಕರು ಹಿಂದಿರುಗಿದರು. ನಮ್ಮ ಚಾಲಕನು ಅಂದು ಆ ಗುಂಪಿನಲ್ಲಿದ್ದವನು. ಅವನು ಈಗ ಪ್ರಾಟೆಸ್ಟೆಂಟ್, ಹಳೆಯ ಆಚರಣೆಗಳನ್ನು ಅವನ ಚರ್ಚು ಒಪ್ಪುವುದಿಲ್ಲ. ಆದರೂ ತನ್ನ ಕಾಲು ಮುಂದೆ ಹೋಗಲಿಲ್ಲ ಎಂದನು.

ಬುಧವಾರ, ಕೊನ್ಸೊ

ಇಳಿಜಾರುಗಳಿಗೆ ಕಲ್ಲಿನ ಮೆಟ್ಟಿಲು ಕಟ್ಟಿ ಶತಮಾನಗಳಿಂದ ಬೇಸಾಯ ಮಾಡುತ್ತಿರುವ ಕೊನ್ಸೊ ಸೀಮೆ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಊರುಗಳ ಸುತ್ತ ಕಲ್ಲಿನ ಗೋಡೆ, ನಡುವೆ ಹುಡುಗರು ರಾತ್ರಿ ಮಲಗುವ ಮೊರಾ ಮನೆ, ಪ್ರತಿ ಪೀಳಿಗೆ ಬದಲಾದಾಗ ನೆಟ್ಟ ಕಂಬಗಳು. ಕಂಬಗಳನ್ನು ಎಣಿಸಿದರೆ ಊರಿನ ವಯಸ್ಸು ಹೇಳಬಹುದು. ಸತ್ತ ವೀರರ ನೆನಪಿಗೆ ಕೆತ್ತಿದ ವಾಗಾ ಎಂಬ ಮರದ ಪ್ರತಿಮೆಗಳು ಹೊಲಗಳಲ್ಲಿ ಬಹಳ ಕಾಣಲಿಲ್ಲ. ಅನೇಕವು ಕಳುವಾಗಿ ಪ್ರವಾಸಿಗರ ಪೆಟ್ಟಿಗೆ ಸೇರಿವೆ, ಉಳಿಸಿದ ಕೆಲವು ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಯಾರಾದರೂ ಹಳೆಯದೆಂದು ಮಾರಲು ಬಂದರೆ ದಯವಿಟ್ಟು ಕೊಳ್ಳಬಾರದು.

ಬುಧವಾರವಾದರೂ ಇಲ್ಲಿ ಉಪವಾಸದ ಊಟ ಸುಲಭಕ್ಕೆ ಸಿಗಲಿಲ್ಲ, ಏಕೆಂದರೆ ಕೊನ್ಸೊಗಳಲ್ಲಿ ಅನೇಕರು ಈಗ ಮೆಕಾನೆ ಯೆಸುಸ್ ಚರ್ಚಿನ ಪ್ರಾಟೆಸ್ಟೆಂಟರು, ಅವರಿಗೆ ವಾರದ ಉಪವಾಸವಿಲ್ಲ. ಮಾರ್ಗದರ್ಶಕನ ತಾಯಿ ನಮ್ಮನ್ನು ಮನೆಗೆ ಕರೆದು, ಜೋಳದ ಹಿಟ್ಟಿನ ಉಂಡೆಗಳನ್ನು ನುಗ್ಗೆ ಸೊಪ್ಪಿನೊಡನೆ ಬೇಯಿಸಿ ಸೋರೆ ಬುರುಡೆಯಲ್ಲಿ ಬಡಿಸಿದಳು. ಮನೆಮನೆಯ ಅಂಗಳದಲ್ಲಿ ಅಲ್ಲಿನ ಜಾತಿಯ ನುಗ್ಗೆ ಮರವಿದೆ. ಕಣ್ಣು ಮುಚ್ಚಿ ಉಂಡರೆ ಮಂಡ್ಯದ ಕಡೆಯ ಮುದ್ದೆ, ಸೊಪ್ಪಿನ ಸಾರು. ತಂಗಿ ಎರಡನೆಯ ಸಲ ಬಡಿಸಿಕೊಂಡಳು. ಆ ತಾಯಿ ಭಾನುವಾರ ಚರ್ಚಿಗೆ ಹೋಗುತ್ತಾಳೆ. ಗಂಡನ ಅಣ್ಣ ಮಳೆಗಾಗಿ ಈಗಲೂ ಕುಲದ ಹಿರಿಯನ ಬಳಿಗೆ ಹೋಗುತ್ತಾನೆ. ಮಳೆ ಬಂದರೆ ಯಾರಿಂದ ಬಂತೆಂದು ಮನೆಯಲ್ಲಿ ಜಗಳವಾಗುವುದಿಲ್ಲವೇ ಎಂದು ಕೇಳಿದೆವು. ಹೊಲ ಇಬ್ಬರದೂ ಒಂದೇ ಎಂದಳು.

ಗುರುವಾರ, ಕೆಯ್ ಅಫರ್

ಗುರುವಾರದ ಸಂತೆಗೆ ಬನ್ನಾ, ಅರಿ, ತ್ಸಮಾಯ್, ಹಮರ್ ಜನರು ಮೈಲಿಗಟ್ಟಲೆ ನಡೆದು ಬರುತ್ತಾರೆ. ಕೂದಲಿಗೆ ಕೆಮ್ಮಣ್ಣು ಬೆಣ್ಣೆ ಬಳಿದ ಹೆಂಗಸರು ಜೇನು, ಬೆಣ್ಣೆ, ಸೋರೆ ಬುರುಡೆಗಳನ್ನು ಹರಡಿಕೊಂಡಿದ್ದರು. ಪ್ರವಾಸಿಗರ ಕ್ಯಾಮೆರಾಗಳು ಅವರ ಮುಖಕ್ಕೆ ಹತ್ತಿರವಾಗಿ ನಿಲ್ಲುತ್ತಿದ್ದವು, ಪ್ರತಿ ಚಿತ್ರಕ್ಕೂ ಹಣದ ಚೌಕಾಸಿ. ಹಣ ಕೇಳುವುದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಮನುಷ್ಯರನ್ನು ಮೃಗಾಲಯದಲ್ಲಿ ನೋಡುವಂತೆ ನೋಡುವ ಆ ಕಣ್ಣು ಮಾತ್ರ ಸಹಿಸಲಾಗಲಿಲ್ಲ. ನಾವು ಕ್ಯಾಮೆರಾ ಚೀಲದಲ್ಲೇ ಇಟ್ಟು, ಜೇನು ಕೊಂಡು, ಮರದ ನೆರಳಿಗೆ ಹೋದೆವು.

ಅಲ್ಲಿ ಮಾತಿಗೆ ಸಿಕ್ಕವರು ಅರಿ ಜನಾಂಗದ ಶಾಲಾ ಮಾಸ್ತರರು. ಅವರ ತರಗತಿಯಲ್ಲಿ ನಾಲ್ಕು ಮನೆಮಾತುಗಳ ಮಕ್ಕಳಿದ್ದಾರೆ, ಎಲ್ಲರಿಗೂ ಸೇತುವೆ ಅಮ್ಹಾರಿಕ್, ಪ್ರೌಢಶಾಲೆಗೆ ಹೋದ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ. 2023ರಲ್ಲಿ ಹಳೆಯ ದಕ್ಷಿಣ ಪ್ರದೇಶವನ್ನು ಒಡೆದು ದಕ್ಷಿಣ ಇಥಿಯೋಪಿಯಾ ಎಂಬ ಹೊಸ ಪ್ರದೇಶ ಮಾಡಿದ ಮೇಲೂ ಅದರಲ್ಲಿ ಇನ್ನೂ ಹತ್ತಾರು ಜನಾಂಗಗಳಿವೆ ಎಂದರು. ಎಷ್ಟು ಸಲ ಒಡೆದರೂ ಪ್ರತಿ ತುಂಡಿನಲ್ಲೂ ಇನ್ನೊಬ್ಬ ನೆರೆಯವನು ಉಳಿದೇ ಇರುತ್ತಾನೆ ಎಂಬುದು ಅವರ ಅಭಿಪ್ರಾಯ. ನಂತರ ಅವರೇ ಕೇಳಿದರು: ನಿಮ್ಮ ರಾಜ್ಯದಲ್ಲಿ ಮನೆಯಲ್ಲಿ ತುಳು ಅಥವಾ ಕೊಡವ ಆಡುವ ಮಗು ಯಾವ ಮಾತಿನಲ್ಲಿ ಓದುತ್ತದೆ, ಅದನ್ನು ಯಾರು ತೀರ್ಮಾನಿಸುತ್ತಾರೆ? ಆ ಭಾಷೆಗಳ ಹೆಸರನ್ನು ಸ್ವಲ್ಪ ಮೊದಲು ನಾವೇ ಹೇಳಿದ್ದೆವು. ತಂಗಿ ಸರ್ಕಾರಿ ಶಾಲೆಯಲ್ಲಿ ಕಲಿಸುವವಳು. ಉತ್ತರ ಹೇಳಲು ಶುರುಮಾಡಿದವಳು ತನ್ನ ತರಗತಿಯ ಲಂಬಾಣಿ ಮಕ್ಕಳ ವಿಷಯಕ್ಕೆ ಬಂದು, ಇಬ್ಬರೂ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತ ಕುಳಿತರು. ಕತ್ತಲಾದ ಮೇಲೆ ಜಿಂಕಾ ರಸ್ತೆಯಲ್ಲಿ ಗಾಡಿ ಓಡಿಸಲು ಚಾಲಕನು ಒಪ್ಪುವುದಿಲ್ಲವಾದ್ದರಿಂದ ಸಂಜೆ ನಾಲ್ಕು ಗಂಟೆಗೆ ಅಲ್ಲಿಂದ ಏಳಬೇಕಾಯಿತು, ಮಾಸ್ತರರೂ ಅರ್ಧ ದಾರಿಯವರೆಗೆ ನಮ್ಮ ಜೀಪಿನಲ್ಲೇ ಬಂದರು.